ಮೋಟಾರ್ ಹೋಮ್ ಆಂಟೆನಾವನ್ನು ಮೇಲಿನಿಂದ ಒತ್ತಿ ಮಲಗಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಅಮೆರಿಕದಲ್ಲಿ ಮೋಟಾರ್ ಹೋಮ್ ಕಟ್ಟಿಕೊಂಡು ಊರೂರು ತಿರುಗಿದ ಅನುಭವದ ಲೇಖನವನ್ನು ನಾನೂ ನಮ್ಮ ಮನೆಯವರೂ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ಓದಿದೆವು. ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ಓಡುವ ಆ ಬಸ್ಸಿನಂಥ ಗಾಡಿಯ ಸುಖವನ್ನೂ ಪೇಚಾಟವನ್ನೂ ಲೇಖಕರು ಸೊಗಸಾಗಿ ಬರೆದಿದ್ದಾರೆ. ಆದರೆ ಲೇಖನದ ಕೊನೆಯ ಭಾಗದಲ್ಲಿ, ಛಾವಣಿಯ ಮೇಲೆ ಎದ್ದು ನಿಂತ ಟಿ.ವಿ. ಆಂಟೆನಾ ಕೆಳಗಿಳಿಯದೆ ಸಿಕ್ಕಿಕೊಂಡರೆ ಒಬ್ಬರು ಏಣಿ ಹತ್ತಿ ಅದನ್ನು ಕೈಯಿಂದ ಬಲವಾಗಿ ಒತ್ತಿ ಮಲಗಿಸಬಹುದು ಎಂದು ಅವರು ಕೊಟ್ಟಿರುವ ಸಲಹೆ ಮಾತ್ರ ಸರಿಯಲ್ಲ. ಅದನ್ನು ನಂಬಿ ನಡೆದವರು ಐದು ನಿಮಿಷದ ಕೆಲಸವನ್ನು ಐದು ದಿನದ ಕೆಲಸ ಮಾಡಿಕೊಳ್ಳುತ್ತಾರೆಂಬ ಕಾರಣಕ್ಕೆ, ಸ್ವಲ್ಪ ದೀರ್ಘವಾದರೂ, ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೇರುಗಳ ಹಲ್ಲು ಕತ್ತರಿಸುವ ಹಾಬಿಂಗ್ ಯಂತ್ರದ ಮುಂದೆ ನಿಂತು ನಿವೃತ್ತನಾದವನು. ಮಗ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಇಪ್ಪತ್ತು ವರ್ಷ ಹಳೆಯದಾದ ಒಂದು ಮೋಟಾರ್ ಹೋಮನ್ನು ಅವನು ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ನಾವು ಅಲ್ಲಿಗೆ ಹೋದಾಗ ಇಂಟರ್‌ಸ್ಟೇಟ್ 90 ಹೆದ್ದಾರಿ ಹಿಡಿದು ಸೌತ್ ಡಕೋಟಾ ರಾಜ್ಯವನ್ನು ದಾಟಿ ಯೆಲ್ಲೊಸ್ಟೋನ್ ಕಡೆಗೆ ಪ್ರವಾಸ ಹೊರಟಿದ್ದೆವು. ಲೇಖಕರಿಗೆ ಎದುರಾದ ತೊಂದರೆಯೇ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಸಮೀಪದ ಬಿಡಾರದಲ್ಲಿ ನಮಗೂ ಎದುರಾಯಿತು.

ಮೊದಲು ಆ ಯಂತ್ರದ ಒಳಗುಟ್ಟನ್ನು ಹೇಳಬೇಕು, ಇಲ್ಲದಿದ್ದರೆ ಒತ್ತಬಾರದು ಎಂಬ ಮಾತಿಗೆ ಅರ್ಥ ಬರುವುದಿಲ್ಲ. ಹಳೆಯ ಮೋಟಾರ್ ಹೋಮ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಐಯೊವಾ ರಾಜ್ಯದ ಬರ್ಲಿಂಗ್ಟನ್ ಊರಿನ ವೈನ್‌ಗಾರ್ಡ್ ಕಂಪನಿಯ ಸೆನ್ಸಾರ್ ಎಂಬ ಆಂಟೆನಾ. ಎರಡು ಕಡೆ ರೆಕ್ಕೆ ಬಿಚ್ಚಿದ ಬಾವಲಿಯಂತೆ ಇರುವುದರಿಂದ ಅದನ್ನು ಅಲ್ಲಿಯವರು ಬ್ಯಾಟ್‌ವಿಂಗ್ ಎಂದೇ ಕರೆಯುತ್ತಾರೆ. ಗಾಡಿ ಓಡುವಾಗ ಅದು ಛಾವಣಿಗೆ ಅಂಟಿ ಮಲಗಿರುತ್ತದೆ. ಬಿಡಾರ ಹೂಡಿದ ಮೇಲೆ ಒಳಗೆ ನಮ್ಮ ತಲೆಯ ಮೇಲಿರುವ ಹಿಡಿಕೆಯನ್ನು ತಿರುಗಿಸಿದರೆ, ಛಾವಣಿಯನ್ನು ಕೊರೆದು ಮೇಲೆ ಹೋಗಿರುವ ಸರಳೊಂದು ತಿರುಗಿ, ಅದರ ತುದಿಯಲ್ಲಿರುವ ತಿರುಪಿನಂಥ ವರ್ಮ್ ಗೇರು ಹಲ್ಲಿನ ಚಕ್ರವೊಂದನ್ನು ನಿಧಾನವಾಗಿ ನೂಕಿ, ಆ ಚಕ್ರಕ್ಕೆ ಜೋಡಿಸಿದ ತೋಳುಗಳು ಆಂಟೆನಾವನ್ನು ಎತ್ತಿ ನಿಲ್ಲಿಸುತ್ತವೆ. ಪೂರ್ತಿ ಏಳುವುದಕ್ಕೆ ಸುಮಾರು 13 ಸುತ್ತು ಬೇಕೆಂದು ತಯಾರಕರ ಕೈಪಿಡಿ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು ವರ್ಮ್ ಗೇರಿನ ಗುಣ. ಬಾವಿಯ ರಾಟೆಯಲ್ಲಿ ನಾವು ಹಗ್ಗ ಎಳೆದರೆ ಕೊಡ ಮೇಲೆ ಬರುತ್ತದೆ, ಹಗ್ಗ ಬಿಟ್ಟರೆ ಕೊಡವೇ ರಾಟೆಯನ್ನು ತಿರುಗಿಸಿಕೊಂಡು ಕೆಳಗಿಳಿಯುತ್ತದೆ. ಇಂಥ ನಿಧಾನಗತಿಯ ವರ್ಮ್ ಗೇರಿನಲ್ಲಿ ಹಾಗಿಲ್ಲ. ತಿರುಪು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ತಿರುಪನ್ನು ತಿರುಗಿಸಲಾರದು. ಆಂಟೆನಾ ಗಾಳಿ ಬೀಸಿದರೂ ತಾನಾಗಿ ಮಗುಚದೆ ನಿಲ್ಲುವುದು ಈ ಗುಣದಿಂದಲೇ. ಅಂದಮೇಲೆ ಛಾವಣಿಯ ಮೇಲೆ ನಿಂತವರು ಆಂಟೆನಾವನ್ನು ಕೆಳಕ್ಕೆ ಒತ್ತಿದರೆ ಆ ಬಲವೆಲ್ಲ ಹೋಗಿ ಬೀಳುವುದು ಎಲ್ಲಿ? ಪರಸ್ಪರ ಕಚ್ಚಿಕೊಂಡಿರುವ ಒಂದೆರಡು ಹಲ್ಲುಗಳ ಮೇಲೆ. ಆ ಸಣ್ಣ ಹಲ್ಲು ಅಷ್ಟನ್ನು ತಡೆಯುವುದಿಲ್ಲ. ಲೇಖಕರು ಒತ್ತಿದಾಗ ಆಂಟೆನಾ ‘ಟಕ್ ಟಕ್ ಎಂದು ಸದ್ದು ಮಾಡುತ್ತ ಮಲಗಿತು’ ಎಂದು ಬರೆದಿದ್ದಾರಲ್ಲ, ಆ ಸದ್ದು ಹಲ್ಲು ಮುರಿದ ಸದ್ದೇ ಇರಬೇಕೆಂದು ನನ್ನ ಅನುಮಾನ. ಅನಂತರ ಅವರ ಹಿಡಿಕೆ ಎಷ್ಟು ತಿರುಗಿಸಿದರೂ ಆಂಟೆನಾ ಏಳಲಿಲ್ಲ ಎಂಬ ಮಾತೂ ಲೇಖನದಲ್ಲಿಯೇ ಇದೆ.

ಈಗ ನಮ್ಮ ಕಥೆಗೆ ಬರುತ್ತೇನೆ. ಬ್ಯಾಡ್‌ಲ್ಯಾಂಡ್ಸ್ ಎಂಬುದು ಮಳೆ ಗಾಳಿಗಳು ಕೊರೆದು ಬಿಟ್ಟ ಬೋಳು ಮಣ್ಣುಗುಡ್ಡಗಳ ಸೀಮೆ. ಅಲ್ಲಿನ ಗಾಳಿಗೆ ಹಿಟ್ಟಿನಂಥ ಧೂಳು ಎಲ್ಲೆಲ್ಲಿಯೂ ನುಗ್ಗುತ್ತದೆ. ರಾತ್ರಿ ಆಲಿಕಲ್ಲು ಬೀಳುವ ಸಂಭವ ಇದೆಯೇ ಎಂದು ತಿಳಿಯಲು, ಮೊಬೈಲ್ ಇಂಟರ್ನೆಟ್ ಕೈಕೊಟ್ಟಿದ್ದರಿಂದ, ಆಂಟೆನಾ ಎತ್ತಿ ರ‍್ಯಾಪಿಡ್ ಸಿಟಿಯ ಟಿ.ವಿ. ಚಾನೆಲ್‌ನ ಹವಾಮಾನ ವಾರ್ತೆ ನೋಡಿ ಮಲಗಿದೆವು. ಇಂಟರ್ನೆಟ್ ಕಾಲದಲ್ಲಿ ಈ ಆಂಟೆನಾ ಯಾರಿಗೆ ಬೇಕು ಎಂದು ಲೇಖಕರು ಕೇಳಿದ ಪ್ರಶ್ನೆಗೆ ಇದೇ ನನ್ನ ಉತ್ತರ. ಬೆಳಿಗ್ಗೆ ಹೊರಡುವ ಮುನ್ನ ಇಳಿಸಲು ಹೋದರೆ, ಮೂರು ಸುತ್ತು ಸಲೀಸಾಗಿ ಬಂದ ಹಿಡಿಕೆ ನಾಲ್ಕನೆಯ ಸುತ್ತಿನಲ್ಲಿ ನಿಂತುಬಿಟ್ಟಿತು.

ಮಗ ಕಂಪ್ಯೂಟರಿನವನು. ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ ತಿರುಗಿಸುತ್ತೇನೆಂದು ಹೊರಟಿದ್ದವನನ್ನು ಕೈ ಹಿಡಿದು ನಿಲ್ಲಿಸಿದೆ. ಮೇಲಿನಿಂದ ಒತ್ತುವುದು ಹೇಗೆ ತಪ್ಪೋ ಕೆಳಗಿನಿಂದ ಪೈಪು ಹಾಕಿ ಜಗ್ಗುವುದೂ ಹಾಗೆಯೇ ತಪ್ಪು. ಅಷ್ಟು ಚಿಕ್ಕ ಹಿಡಿಕೆಯಿಂದ ಮನುಷ್ಯ ಅತಿಯಾದ ಬಲ ಹಾಕಲಾರ, ಪೈಪು ಸಿಕ್ಕಿಸಿದರೆ ಹಾಕಿಬಿಡುತ್ತಾನೆ. ಹತ್ತಿರದ ಊರಿನ ರಿಪೇರಿ ಅಂಗಡಿಗೆ ಫೋನ್ ಮಾಡಿದಾಗ, ಇಡೀ ಆಂಟೆನಾವನ್ನೇ ಬದಲಿಸಬೇಕು, ಹತ್ತು ದಿನ ಕಾಯಬೇಕು, ಅಲ್ಲಿಯವರೆಗೆ ಬೇಕಿದ್ದರೆ ಒತ್ತಿ ಮಲಗಿಸಿ ಹಗ್ಗದಿಂದ ಕಟ್ಟಿಕೊಳ್ಳಿ ಎಂದರು. ನೋಡದೆಯೇ ಔಷಧ ಬರೆದುಕೊಡುವ ವೈದ್ಯರಿದ್ದಾರೆ ಎಂದು ಕೇಳಿದ್ದೆ, ಅವತ್ತು ಕಂಡೆ.

ಇಂಥ ಯಂತ್ರ ಸಿಕ್ಕಿಕೊಂಡಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಹಿಡಿಕೆ ಹೇಗೆ ವರ್ತಿಸುತ್ತಿದೆ ಎಂಬುದು. ಹಿಡಿಕೆ ಯಾವ ಬಿಗಿಯೂ ಇಲ್ಲದೆ ಗರಗರ ತಿರುಗುತ್ತಿದ್ದು ಆಂಟೆನಾ ಅಲುಗದಿದ್ದರೆ, ಹೆಚ್ಚಿನ ಪಾಲು ಹಿಡಿಕೆಯನ್ನು ಸರಳಿಗೆ ಬಿಗಿದಿರುವ ಪುಟ್ಟ ಸೆಟ್ ಸ್ಕ್ರೂ ಸಡಿಲವಾಗಿರುತ್ತದೆ, ಇಲ್ಲವೇ ಹಿಡಿಕೆಯ ತೂತು ಸವೆದು ದುಂಡಗಾಗಿರುತ್ತದೆ. ಅಲೆನ್ ಕೀಯಿಂದ ಸ್ಕ್ರೂ ಬಿಗಿ ಮಾಡಿ ನೋಡಬೇಕು. ಆಗಲೂ ಆಗದಿದ್ದರೆ ಹಿಡಿಕೆ ಕಳಚಿ, ಒಳಗೆ ಕಾಣುವ ಸರಳನ್ನೇ ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಆಂಟೆನಾ ಇಳಿಯತೊಡಗಿದರೆ ತಪ್ಪು ಹಿಡಿಕೆಯದು, ಅದೊಂದನ್ನೇ ಬೇರೆ ತಂದು ಹಾಕಿದರಾಯಿತು. ಸರಳು ತಿರುಗಿಯೂ ಆಂಟೆನಾ ಕದಲದಿದ್ದರೆ ಮಾತ್ರ ಮೇಲಿನ ಹಲ್ಲು ಹೋಗಿದೆ ಎಂದು ತಿಳಿಯಬೇಕು. ಆಗಲೂ ಇಡೀ ಆಂಟೆನಾ ಎಸೆಯಬೇಕಿಲ್ಲ, ಗೇರು ಬಿಡಿಭಾಗವಾಗಿ ಸಿಗುತ್ತದೆ.

ಹಿಡಿಕೆ ಮೊದಲಿನಿಂದಲೂ ಬಿಗಿಯಾಗಿದ್ದರೆ ಕಾರಣ ಬೇರೆ: ಗೇರು ಒಣಗಿದೆ, ಧೂಳು ತುಂಬಿದೆ, ಚಳಿಗಾಲವಾದರೆ ಮಂಜುಗಡ್ಡೆ ಕಟ್ಟಿದೆ. ನಮ್ಮದರಂತೆ ಕೆಲವು ಸುತ್ತು ಬಂದು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಏನೋ ಅಡ್ಡ ಬಂದಿದೆ ಎಂದರ್ಥ. ಕೇಬಲ್ ತೋಳಿನ ಸಂದಿಗೆ ಸಿಕ್ಕಿರಬಹುದು, ಯಾವತ್ತೋ ಮರದ ಕೊಂಬೆಗೆ ತಗುಲಿ ತೋಳು ಸೊಟ್ಟಗಾಗಿರಬಹುದು, ಕೀಲಿನ ಪಿನ್ ಕಿಲುಬು ಹಿಡಿದಿರಬಹುದು.

ಇವೆಲ್ಲಕ್ಕಿಂತ ಮೊದಲೇ ನೋಡಬೇಕಾದ, ದೋಷವೇ ಅಲ್ಲದ ಒಂದು ಸಂಗತಿಯಿದೆ. ಆಂಟೆನಾವನ್ನು ಟಿ.ವಿ. ನಿಲಯದ ದಿಕ್ಕಿಗೆ ತಿರುಗಿಸಲು ಹಿಡಿಕೆಯ ಸುತ್ತ ಇನ್ನೊಂದು ದೊಡ್ಡ ಬಳೆಯಂಥ ಹಿಡಿ ಇರುತ್ತದೆ. ಅದನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದು ತಿರುಗಿಸಬೇಕು. ಇಳಿಸುವ ಮುನ್ನ ಆ ಹಿಡಿಯ ಮೇಲಿನ ಬಾಣದ ಗುರುತು ಒಳಛಾವಣಿಯ ತಟ್ಟೆಯ ಮೇಲಿನ ಬಾಣಕ್ಕೆ ಎದುರಾಗಿ ಕೂಡಲೇಬೇಕು. ಕೂಡದಿದ್ದರೆ ಆಂಟೆನಾ ತನ್ನ ಜಾಗಕ್ಕೆ ಬಂದು ಮಲಗುವ ಬದಲು ಪಕ್ಕದ ಏಸಿ ಪೆಟ್ಟಿಗೆಯ ಮೇಲೋ ಗಾಳಿಕಿಂಡಿಯ ಮುಚ್ಚಳದ ಮೇಲೋ ಬಂದು ಕೂರುತ್ತದೆ. ಒಳಗಿದ್ದವರು ಸಿಕ್ಕಿಕೊಂಡಿತೆಂದು ಇನ್ನಷ್ಟು ಜಗ್ಗುತ್ತಾರೆ. ನಾವು ಮೊದಲು ಪರೀಕ್ಷಿಸಿದ್ದು ಇದನ್ನೇ. ಬಾಣಗಳು ಸರಿಯಾಗಿಯೇ ಇದ್ದವು.

ಅನಂತರ ಮಗ ಹಿಂಬದಿಯ ಏಣಿ ಹತ್ತಿದ. ಅರವತ್ತೆಂಟರ ನನ್ನನ್ನು ಮೇಲೆ ಬಿಡಲಿಲ್ಲ, ಅದು ಸರಿಯೂ ಆಗಿತ್ತು. ಆ ಛಾವಣಿ ನಮ್ಮ ಮನೆಗಳ ಆರ್.ಸಿ.ಸಿ. ತಾರಸಿಯಲ್ಲ, ತೆಳು ಹಲಗೆಯ ಮೇಲೆ ರಬ್ಬರಿನ ಹೊದಿಕೆ. ಮಂಡಿಯೂರಿ, ಅಗಲವಾದ ಪ್ಲೈವುಡ್ ಹಲಗೆ ಹಾಸಿಕೊಂಡು, ಗಾಳಿ ತಗ್ಗಿದ ಹೊತ್ತು ನೋಡಿ ಕೆಲಸ ಮಾಡಬೇಕು. ನಾನು ಕೆಳಗೆ ಹಿಡಿಕೆಯ ಬಳಿ ನಿಂತೆ. ಗಾಳಿಕಿಂಡಿಯಿಂದ ಅವನು ಕೂಗುವುದು, ನಾನು ಉತ್ತರಿಸುವುದು. 1980ರ ದಶಕದಲ್ಲಿ ನಮ್ಮ ಮನೆಯ ತಾರಸಿಯ ಮೇಲೆ ನಾನು ದೂರದರ್ಶನದ ಆಂಟೆನಾ ತಿರುಗಿಸುತ್ತ ‘ಈಗ ಬಂತಾ?’ ಎಂದು ಕೂಗುತ್ತಿದ್ದುದು, ಕೆಳಗಿನಿಂದ ‘ಬಂದಿತ್ತು, ಹೋಯ್ತು’ ಎಂದು ಮನೆಮಂದಿಯೆಲ್ಲ ಒಟ್ಟಿಗೆ ಕೂಗುತ್ತಿದ್ದುದು ನೆನಪಾಗದೆ ಇರಲಿಲ್ಲ.

ಮಗ ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ಇಳಿದು ಬಂದು ತೋರಿಸಿದ. ಎರಡು ತೋಳುಗಳ ಬುಡದಲ್ಲಿ ಕೀಲಿನ ಪಿನ್‌ಗಳು. ಒಂದು ಹೊಳೆಯುತ್ತಿತ್ತು. ಇನ್ನೊಂದರ ಸುತ್ತ ಅಕ್ಕಿಹಿಟ್ಟು ಉದುರಿಸಿದಂತೆ ಬೂದುಬಿಳಿ ಪುಡಿ ಕಟ್ಟಿತ್ತು. ಅಲ್ಯೂಮಿನಿಯಮ್ ತೂತಿನಲ್ಲಿ ಉಕ್ಕಿನ ಪಿನ್ ಕೂರಿಸಿ, ಮೇಲೆ ನೀರೂ ಉಪ್ಪೂ ಸೇರಿದರೆ ಅಲ್ಯೂಮಿನಿಯಮ್ ಹೀಗೆಯೇ ತಿಂದುಹೋಗಿ ಪುಡಿಯಾಗುತ್ತದೆ. ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕಾಗುವುದರಿಂದ ಅದು ಪಿನ್ನನ್ನು ಬೆಣೆಯಂತೆ ಬಿಗಿದು ಹಿಡಿಯುತ್ತದೆ. ಮಿನಿಯಾಪೊಲಿಸ್‌ನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಗಾಡಿ ಅಂಥ ಎಷ್ಟು ಚಳಿಗಾಲ ಕಂಡಿತ್ತೋ. ದೋಷ ಆಂಟೆನಾ ಮಾಡಿದವರದ್ದಲ್ಲ, ಕೊಂಡ ಮೇಲೆ ಒಂದು ತೊಟ್ಟು ಎಣ್ಣೆಯನ್ನೂ ತೋರಿಸದ ನಮ್ಮದು.

ಪಿನ್ನಿಗೆ ತುಕ್ಕು ಬಿಡಿಸುವ ಎಣ್ಣೆ ಬೇಕು, ಗೇರಿಗೆ ಸಿಲಿಕೋನ್ ಸ್ಪ್ರೇ ಬೇಕು. ಇವೆರಡನ್ನು ಅದಲುಬದಲು ಮಾಡಬಾರದೆಂಬುದನ್ನು ಒತ್ತಿ ಹೇಳುತ್ತೇನೆ. ಪೆಟ್ರೋಲಿಯಂ ಮೂಲದ ಎಣ್ಣೆ ಛಾವಣಿಯ ರಬ್ಬರಿಗೆ ತಗುಲಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ಆಂಟೆನಾದ ಬುಡದಲ್ಲಿ ಮಳೆನೀರನ್ನು ತಡೆಯುವ ರಬ್ಬರ್ ಬಳೆಯೊಂದಿದೆ, ಅದಕ್ಕೂ ಅದು ಒಗ್ಗುವುದಿಲ್ಲ. ಆದ್ದರಿಂದ ಮಗ ಹಳೆಯ ಟವಲನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ, ಡಬ್ಬಿಯಿಂದ ನೇರವಾಗಿ ಚಿಮ್ಮಿಸದೆ, ಕಿವಿ ಶುಚಿ ಮಾಡುವ ಹತ್ತಿಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಪಿನ್ನಿನ ಎರಡೂ ತುದಿಗೆ ಒಂದೊಂದೇ ತೊಟ್ಟು ಇಟ್ಟ. ಗೇರಿನ ಹಲ್ಲುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಧೂಳು ತೆಗೆದು ಸಿಲಿಕೋನ್ ಸ್ಪ್ರೇ ಹೊಡೆದ. ಆಮೇಲೆ ಏನೂ ಮಾಡಲಿಲ್ಲ. ಈ ಏನೂ ಮಾಡದೆ ಇರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ನಮ್ಮ ಮನೆಯವರು ಆ ಹೊತ್ತಿಗೆ ಉಪ್ಪಿಟ್ಟು ಮಾಡಿದರು. ತಿಂದು, ಕಾಫಿ ಕುಡಿದು ಮುಗಿಯುವಾಗ ಮುಕ್ಕಾಲು ಗಂಟೆಯಾಗಿತ್ತು.

ಮತ್ತೆ ಹಿಡಿಕೆ ಹಿಡಿದಾಗ ಮೊದಲು ನಾನು ತಿರುಗಿಸಿದ್ದು ಇಳಿಸುವ ಕಡೆಗಲ್ಲ, ಏರಿಸುವ ಕಡೆಗೆ. ಸಿಕ್ಕಿಕೊಂಡದ್ದನ್ನು ಬಿಡಿಸುವಾಗ ಅದು ಸಲೀಸಾಗಿ ಬರುವ ದಿಕ್ಕಿಗೆ ಕಾಲು ಸುತ್ತು ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು, ಬಿಗಿ ತಟ್ಟಿದ ಕೂಡಲೇ ನಿಂತು, ಮತ್ತೆ ಮುಂದಕ್ಕೆ ಹೋಗಬೇಕು. ಮೇಲೆ ಮಗ ತೋಳಿನ ಕೆಳಗೆ ಅಂಗೈ ಕೊಟ್ಟು ಅದರ ಭಾರವನ್ನಷ್ಟೇ ಹೊತ್ತಿದ್ದ. ಮೇಲಿರುವವರು ಮಾಡಬೇಕಾದದ್ದು ಇಷ್ಟೇ. ಹೀಗೆ ಏಳೆಂಟು ಬಾರಿ ಆಡಿಸಿದ ಮೇಲೆ ‘ಕಿರ್’ ಎಂಬ ಸದ್ದು ಬಂದು, ಹಿಡಿಕೆಯ ಬಿಗಿ ಕೈಗೆ ತಿಳಿಯುವಂತೆ ಸಡಿಲಿತು. ನಮ್ಮ ಮನೆಯವರು ಸುತ್ತು ಎಣಿಸುತ್ತಿದ್ದರು. ಬೆಳಿಗ್ಗೆ ಬಂದಿದ್ದ ಮೂರು ಸುತ್ತೂ ಸೇರಿ ಅವರ ಎಣಿಕೆ ಹದಿಮೂರು ಮುಟ್ಟುವ ಹೊತ್ತಿಗೆ ಮೇಲಿನಿಂದ ಮಗ ‘ಸಾಕಪ್ಪಾ, ಮಲಗಿತು’ ಎಂದ.

ಅಲ್ಲಿಗೆ ಬಿಡಬಾರದು. ಇಳಿದ ಸ್ಥಿತಿಯಲ್ಲಿಯೇ ಗೇರಿಗೆ ಇನ್ನೊಮ್ಮೆ ಧಾರಾಳವಾಗಿ ಸಿಲಿಕೋನ್ ಸ್ಪ್ರೇ ಹೊಡೆದು, ಮೂರು ನಾಲ್ಕು ಬಾರಿ ಪೂರ್ತಿ ಏರಿಸಿ ಇಳಿಸಿದರೆ ಅದು ಎಲ್ಲ ಹಲ್ಲಿಗೂ ಹರಡುತ್ತದೆ. ದಿಕ್ಕು ತಿರುಗಿಸುವ ಹಿಡಿಯೂ ಬಿಗಿಯಾಗಿದ್ದರೆ, ಆಂಟೆನಾ ಎತ್ತಿ, ಅದರ ಬುಡದ ಎರಕದ ಕವಚದಲ್ಲಿರುವ ಒಂದು ಸೆಟ್ ಸ್ಕ್ರೂವನ್ನು ಬಿಚ್ಚಿ ಆ ತೂತಿನೊಳಗೂ ಅಂಚಿನ ಸುತ್ತಲೂ ಸ್ಪ್ರೇ ಹೊಡೆದು, ನಾಲ್ಕಾರು ಬಾರಿ ತಿರುಗಿಸಿ, ಸ್ಕ್ರೂ ಮತ್ತೆ ಹಾಕಬೇಕು. ವರ್ಷಕ್ಕೊಮ್ಮೆ ಇಷ್ಟು ಮಾಡಿದವರಿಗೆ ನಮ್ಮ ಪಾಡು ಬರಲಾರದು.

ಗೇರಿನ ಹಲ್ಲು ನಿಜವಾಗಿಯೂ ಮುರಿದಿದ್ದರೆ ಏನು ಮಾಡಬೇಕು ಎಂದು ಲೇಖಕರು ಕೇಳಬಹುದು. ಆಗಲೂ ಒತ್ತುವ ಪ್ರಶ್ನೆಯಿಲ್ಲ. ಒಬ್ಬರು ಆಂಟೆನಾದ ಭಾರ ಹಿಡಿದಿರುವಂತೆ, ಇನ್ನೊಬ್ಬರು ತೋಳನ್ನು ಗೇರಿಗೆ ಜೋಡಿಸಿರುವ ಪಿನ್ ತೆಗೆದು, ತೋಳನ್ನು ಮೆಲ್ಲಗೆ ಮಲಗಿಸಿ ಹಗ್ಗದಿಂದ ಬಿಗಿಯಾಗಿ ಕಟ್ಟಿಕೊಂಡು ರಿಪೇರಿಯ ಕಡೆಗೆ ಹೋಗಬೇಕು. ಪಿನ್ನನ್ನು ಜೇಬಿನಲ್ಲಿಟ್ಟುಕೊಳ್ಳಲಿ, ಛಾವಣಿಯ ಮೇಲಿಟ್ಟ ಪಿನ್ ಮತ್ತೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಈ ಯಂತ್ರ ಬೇಗ ಸವೆಯುವುದಕ್ಕೆ ಇನ್ನೊಂದು ಕಾರಣವಿದೆ, ಅದು ಲೇಖನದಲ್ಲಿ ಅರಿವಿಲ್ಲದೆಯೇ ಬಂದಿದೆ. ಚಿತ್ರ ಬರಲಿಲ್ಲವೆಂದು ಲೇಖಕರು ಅರ್ಧ ಗಂಟೆ ಆಂಟೆನಾವನ್ನು ಏರಿಸಿ, ಇಳಿಸಿ, ಸುತ್ತ ತಿರುಗಿಸಿದ್ದಾರೆ. ಅಮೆರಿಕದ ಪೂರ್ಣಶಕ್ತಿಯ ಟಿ.ವಿ. ನಿಲಯಗಳು 2009ರ ಜೂನ್ 12ರಂದು ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್ ಆದವು. ಅನಲಾಗ್ ಕಾಲದಲ್ಲಿ ಚಿತ್ರ ಮಸುಕಾಗಿ ಕಂಡು, ಆಂಟೆನಾ ತಿರುಗಿಸಿದಂತೆ ತಿಳಿಯಾಗುತ್ತಿತ್ತು. ಡಿಜಿಟಲ್‌ನಲ್ಲಿ ಚಿತ್ರ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪ್ರತಿ ಹೊಸ ಊರಿನಲ್ಲಿಯೂ ಟಿ.ವಿ.ಯ ಚಾನೆಲ್ ಸ್ಕ್ಯಾನ್ ಹೊಸದಾಗಿ ಮಾಡದಿದ್ದರೆ ಆಂಟೆನಾ ಎಷ್ಟು ತಿರುಗಿಸಿದರೂ ಏನೂ ಕಾಣುವುದಿಲ್ಲ. ಸ್ವಲ್ಪ ತಿರುಗಿಸಿ, ಸ್ಕ್ಯಾನ್ ಮಾಡಿ, ಕಾಯಬೇಕು. ಇನ್ನೊಂದು ಮಾತು, ಆಂಟೆನಾದ ತಲೆಯಲ್ಲಿರುವ, ಸಿಗ್ನಲ್ ಬಲಪಡಿಸುವ ಆಂಪ್ಲಿಫೈಯರ್‌ಗೆ 12 ವೋಲ್ಟ್ ವಿದ್ಯುತ್ ಕೊಡುವ ಸಣ್ಣ ಗುಂಡಿಯೊಂದು ಟಿ.ವಿ.ಯ ಪಕ್ಕದ ಗೋಡೆಯಲ್ಲಿರುತ್ತದೆ. ಅದರ ದೀಪ ಹತ್ತದಿದ್ದರೆ ಇಡೀ ಆಂಟೆನಾ ಇದ್ದೂ ಇಲ್ಲದಂತೆ. ನಾವೂ ಮೊದಲ ದಿನ ಈ ಗುಂಡಿ ಕಾಣದೆ ಒದ್ದಾಡಿದವರೇ.

ಆಂಟೆನಾ ಏರಿಸುವ ಮುನ್ನ ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ಹೊರಗೆ ಹೋಗಿ ಕಣ್ಣಾರೆ ನೋಡಬೇಕು, ಗುಡುಗು ಸಿಡಿಲಿನ ಹೊತ್ತಿನಲ್ಲಿ ಎತ್ತಲೇಬಾರದು. ಲೇಖಕರು ಇವನ್ನು ಬರೆದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಎತ್ತಿದ ಆಂಟೆನಾದೊಂದಿಗೆ ಗಾಡಿ ಹೊರಡಿಸುವ ಮರೆವಿಗೆ ಅಲ್ಲಿಯವರು ಬಗೆಬಗೆಯ ಉಪಾಯ ಮಾಡುತ್ತಾರೆ. ನಮ್ಮ ಮನೆಯವರು ತಮ್ಮ ಬಳಿಯಿದ್ದ ಕೆಂಪು ರಿಬ್ಬನ್ನೊಂದನ್ನು, ಆಂಟೆನಾ ಮೇಲಿದ್ದಾಗ ಸ್ಟಿಯರಿಂಗಿಗೆ, ಕೆಳಗಿದ್ದಾಗ ಛಾವಣಿಯ ಹಿಡಿಕೆಗೆ ಕಟ್ಟುವ ಪದ್ಧತಿ ಮಾಡಿದರು. ಗಾಡಿಯೇ ಹನ್ನೆರಡು ಅಡಿ ಎತ್ತರವಿರುವಾಗ ಮೇಲೆ ಮತ್ತೆರಡು ಮೂರು ಅಡಿ ಎದ್ದು ನಿಂತದ್ದು ಪೆಟ್ರೋಲ್ ಬಂಕಿನ ಚಾವಡಿಗೆ ಬಡಿದರೆ, ತಿರುಚಿಕೊಂಡ ಆ ತೋಳನ್ನು ಯಾವ ಎಣ್ಣೆಯೂ ನೆಟ್ಟಗೆ ಮಾಡುವುದಿಲ್ಲ.

ಲೇಖಕರ ಉಳಿದ ಬರವಣಿಗೆಯ ಬಗ್ಗೆ ನನಗೆ ಆಕ್ಷೇಪವಿಲ್ಲ, ಅವರ ಮುಂದಿನ ಕಂತಿಗಾಗಿ ನಾವಿಬ್ಬರೂ ಕಾಯುತ್ತಿದ್ದೇವೆ. ಆದರೆ ಬೇಸಿಗೆ ರಜೆಗೆ ಮಕ್ಕಳ ಬಳಿ ಹೊರಡುವ ಎಷ್ಟೋ ಮಂದಿ ಪುರವಣಿಯ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ‘ಕೈಯಿಂದ ಒತ್ತಿದರೆ ಮಲಗುತ್ತದೆ’ ಎಂಬ ಆ ಒಂದು ವಾಕ್ಯಕ್ಕೆ ಮುಂದಿನ ಕಂತಿನ ಜೊತೆಯಲ್ಲಿಯೇ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಯಂತ್ರ ಕೆಲಸಗಾರ,
ಜಾಲಹಳ್ಳಿ, ಬೆಂಗಳೂರು